ಮೀಟರ್ ರೂಮಿನ ಕೀಲಿ ಯಾರ ಜೇಬಿನಲ್ಲಿರಬೇಕು?

ಠಾಣೆ, ನವಿ ಮುಂಬೈ ಕಡೆ ಬಾಡಿಗೆ ಮನೆ ಹುಡುಕುವ ನಮ್ಮವರು ನೀರು ಎಷ್ಟು ಹೊತ್ತು ಬರುತ್ತದೆ, ಸ್ಟೇಷನ್ ಎಷ್ಟು ದೂರ, ಡಿಪಾಸಿಟ್ ಎಷ್ಟು ಎಂದು ಕೇಳುತ್ತಾರೆ. ಮೀಟರ್ ರೂಮಿನ ಕೀಲಿ ಯಾರ ಹತ್ತಿರ ಇರುತ್ತದೆ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಹಳೆಯ ಕಟ್ಟಡವಾದರೆ ಮೊದಲು ಕೇಳಬೇಕಾದದ್ದು ಅದನ್ನೇ.

ಊರಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಮೀಟರ್ ಬೋರ್ಡು ಇರುವುದು ಹೊರಗಿನ ಗೋಡೆಯಲ್ಲಿ. ಏನೋ ಸುಟ್ಟ ವಾಸನೆ ಬಂದರೆ ಅಮ್ಮನೇ ಹೋಗಿ ಮೇನ್ ಆಫ್ ಮಾಡುತ್ತಾಳೆ, ಆಮೇಲೆ ಕೆಇಬಿಯವರಿಗೆ ಫೋನು. (ಕೆಇಬಿ ಹೋಗಿ ಹೆಸ್ಕಾಂ ಬಂದು ಎಷ್ಟೋ ಕಾಲವಾಯಿತು, ಅಮ್ಮನಿಗೆ ಅದು ಇಂದಿಗೂ ಕೆಇಬಿಯೇ. ಇಲ್ಲಿಯೂ ಹಾಗೆಯೇ, 2005ರಲ್ಲೇ ಮಹಾವಿತರಣ ಆಗಿದ್ದರೂ ಜನ ಹೇಳುವುದು ಎಂಎಸ್‌ಇಬಿ ಎಂದೇ.)

ರಬಾಳೆಯ ಚಿತ್ರ ಬೇರೆ. ಠಾಣೆ–ಬೇಲಾಪುರ ರಸ್ತೆಯ ಆಚೆ ಎಂಐಡಿಸಿ ಕಾರ್ಖಾನೆಗಳು, ಈಚೆ ಗೋಠಿವಲಿ, ರಬಾಳೆ ಗ್ರಾಮದ ಒತ್ತೊತ್ತಾದ ಕಟ್ಟಡಗಳು. ಐರೋಲಿಯ ಐಟಿ ಪಾರ್ಕುಗಳಿಗೆ ಹೋಗುವ ನನ್ನಂಥವರಿಗೆ ಬಾಡಿಗೆ ಕೈಗೆಟಕುವುದು ಇಲ್ಲೇ. ನಾನಿರುವ ನಾಲ್ಕು ಮಹಡಿಯ ಕಟ್ಟಡದಲ್ಲಿ ಅಷ್ಟೂ ಮನೆಗಳ ಮೀಟರುಗಳು ಮೆಟ್ಟಿಲ ಕೆಳಗಿನ ಒಂದೇ ಕೋಣೆಯಲ್ಲಿವೆ. ಕೋಣೆಗೆ ಕಬ್ಬಿಣದ ಬಾಗಿಲು, ಬಾಗಿಲಿಗೆ ಬೀಗ. ಕೀಲಿ ಸೊಸೈಟಿ ಸೆಕ್ರೆಟರಿಯ ಮನೆಯಲ್ಲಿ.

ಮನೆಯೊಳಗೆ ಎಂಸಿಬಿ ಇದೆಯಲ್ಲ, ಅದನ್ನು ಕೆಳಗೆ ಮಾಡಿದರೆ ಸಾಲದೇ ಎಂದು ಕೇಳಬಹುದು. ಸಾಲದು. ರಸ್ತೆಬದಿಯ ಪಿಲ್ಲರಿನಿಂದ ಬರುವ ಕೇಬಲ್ ಮೊದಲು ಮೀಟರ್ ರೂಮಿನ ಮೇನ್ ಸ್ವಿಚ್ಚಿಗೆ, ಅಲ್ಲಿಂದ ಪ್ರತಿ ಮನೆಯ ಫ್ಯೂಸು, ಮೀಟರಿಗೆ, ಮತ್ತೆ ಗೋಡೆಯೊಳಗಿನ ಪೈಪಿನಲ್ಲಿ ಮೇಲೆ ನಮ್ಮ ಮನೆಗೆ ಬರುತ್ತದೆ. ಮನೆಯ ಎಂಸಿಬಿ ಆಫ್ ಮಾಡಿದರೂ ಅದಕ್ಕಿಂತ ಹಿಂದಿನ ಅಷ್ಟೂ ತಂತಿ ಜೀವಂತವೇ. ಹಳೆಯ ಕಟ್ಟಡಗಳಲ್ಲಿ ಕೆಡುವುದು ಹೆಚ್ಚಾಗಿ ಆ ಭಾಗವೇ. ಫ್ಯಾನು, ಟ್ಯೂಬ್‌ಲೈಟು, ಟಿವಿ, ಫ್ರಿಜ್ಜು ಇದ್ದ ಕಾಲದಲ್ಲಿ ಒಂದು ಮನೆ ಎಳೆಯುತ್ತಿದ್ದದ್ದು ಸುಮಾರು 3 ಆಂಪಿಯರ್. ಇವತ್ತು ಗೀಸರು, ಎಸಿ ಎರಡೂ ಒಟ್ಟಿಗೆ ಓಡಿದರೆ ಅವೇ 15 ಆಂಪಿಯರ್. ಕರೆಂಟು ಐದು ಪಟ್ಟಾದರೆ ಅದೇ ಸಡಿಲ ಜಾಯಿಂಟಿನಲ್ಲಿ ಹುಟ್ಟುವ ಶಾಖ 25 ಪಟ್ಟು. ಕೇಬಲ್ ಮಾತ್ರ ಆಗಿನದೇ.

ಕಳೆದ ಜುಲೈನಲ್ಲಿ ನಮ್ಮಲ್ಲಿ ಆದದ್ದೂ ಇದೇ. ರಾತ್ರಿ ಹನ್ನೊಂದೂವರೆಗೆ ಮೀಟರ್ ರೂಮಿನಿಂದ ಚಟಚಟ ಸದ್ದು, ಬಾಗಿಲ ಸಂದಿಯಿಂದ ಸುಟ್ಟ ರಬ್ಬರಿನ ವಾಸನೆ. ಹೊರಗೆ ಜೋರು ಮಳೆ. ಸೆಕ್ರೆಟರಿ ಸಾತಾರಾ ಕಡೆಯ ತಮ್ಮ ಊರಿಗೆ ಹೋಗಿದ್ದರು, ಕೀಲಿ ಅವರ ಕಪಾಟಿನಲ್ಲಿ. ಹೊರಗೆ ಓಡೋಣವೆಂದರೆ ಮೆಟ್ಟಿಲು ಇಳಿಯುವುದೇ ಆ ಬಾಗಿಲ ಮುಂದೆ. ಎರಡನೇ ಮಹಡಿಯ ಅಜ್ಜಿಯನ್ನು ನಾವಿಬ್ಬರು ಕುರ್ಚಿಯಲ್ಲಿ ಕೂರಿಸಿ ಹೊತ್ತು ಇಳಿಸಿದೆವು. 1912ಕ್ಕೆ ಫೋನು ಮಾಡಿದ ಮೇಲೆ ಲೈನ್‌ಮನ್ ಬಂದು ರಸ್ತೆಯ ಪಿಲ್ಲರಿನಲ್ಲೇ ಕರೆಂಟು ತೆಗೆದ. ಅಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಒಳಗಿದ್ದ ಮೇನ್ ಸ್ವಿಚ್ಚು ಆಫ್ ಮಾಡಲು ಒಂದು ನಿಮಿಷ ಸಾಕಿತ್ತು.

ಮಾರನೆಯ ವಾರ ಕಮಿಟಿಯವರ ಹತ್ತಿರ ಇನ್ನೊಂದು ಕೀಲಿ ಕೆಳಗೆ ಇಡಿ ಎಂದೆ. ಬಂದ ಉತ್ತರ: "ತುಮ್ಹೀ ಭಾಡೇಕರೂ ನಾ?" ನೀವು ಬಾಡಿಗೆಯವರಲ್ಲವೇ ಎಂದು. ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರಿನ ಮೇಲೆ ಬದುಕುವವನಿಗೆ ಸೊಸೈಟಿಯಲ್ಲಿ ಮತವಿಲ್ಲ, ಒಪ್ಪೋಣ. ಆದರೆ ಬೆಂಕಿ ಕರಾರು ನೋಡಿ ಹತ್ತುವುದಿಲ್ಲ.

ಬೀಗವೇ ಬೇಡ ಎಂದು ನಾನು ಹೇಳುತ್ತಿಲ್ಲ. ಪಾರ್ಕಿಂಗ್ ಜಗಳಕ್ಕೆ ಎದುರು ಮನೆಯವರ ಫ್ಯೂಸು ಕಿತ್ತಿಟ್ಟವರು ನಮ್ಮ ಕಟ್ಟಡದಲ್ಲೇ ಇದ್ದಾರೆ. ಮಕ್ಕಳು ಒಳಹೊಕ್ಕರೆ ಅಪಾಯ. ಮೀಟರಿನ ಸೀಲು ಮುಟ್ಟುವುದಂತೂ 2003ರ ವಿದ್ಯುತ್ ಕಾಯ್ದೆಯ 138ನೇ ಕಲಮಿನಡಿ ಅಪರಾಧ. ಸೆಕ್ರೆಟರಿಯವರ ಭಯಕ್ಕೆ ಕಾರಣವಿದೆ. ಆದರೆ ಗ್ರಾಹಕರ ಕಡೆಯ ಕಟೌಟ್ ಕೈಗೆ ಸಿಗುವ ಜಾಗದಲ್ಲಿ ಇರಬೇಕು ಎಂದು 1956ರ ವಿದ್ಯುತ್ ನಿಯಮಗಳೇ ಹೇಳಿದ್ದವು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳೂ ಅದನ್ನೇ ಹೇಳಿದವು. ಊರಿಗೆ ಹೋದವರ ಕಪಾಟಿನಲ್ಲಿ ಕೀಲಿ ಇದ್ದರೆ ಅದು ಕೈಗೆ ಸಿಗುವ ಜಾಗ ಹೇಗಾದೀತು?

ಮಾಡಬೇಕಾದದ್ದು ದೊಡ್ಡದೇನಲ್ಲ. ಬಾಗಿಲ ಪಕ್ಕ ಗಾಜಿನ ಮುಚ್ಚಳದ ಪುಟ್ಟ ಪೆಟ್ಟಿಗೆ, ಅದರೊಳಗೆ ಒಂದು ಕೀಲಿ. ಗಾಜು ಒಡೆದರೆ ಎಲ್ಲರಿಗೂ ಗೊತ್ತಾಗುತ್ತದೆ, ಹಾಗಾಗಿ ಸುಮ್ಮನೆ ಯಾರೂ ಒಡೆಯುವುದಿಲ್ಲ. ವಾಚ್‌ಮನ್‌ಗೆ ಮೇನ್ ಸ್ವಿಚ್ಚು ಯಾವುದು ಎಂದು ತೋರಿಸಿಕೊಟ್ಟಿರಬೇಕು, ಒದ್ದೆ ಕೈಯಲ್ಲಿ ಮುಟ್ಟಬಾರದೆಂದೂ ಹೇಳಿರಬೇಕು. ಯಾವ ಮೀಟರು ಯಾವ ಮನೆಯದು ಎಂಬ ಪಟ್ಟಿ ಗೋಡೆಯಲ್ಲಿರಬೇಕು. ನಮ್ಮಲ್ಲಿ ಕೆಲವು ಮೀಟರುಗಳ ಮೇಲೆ ಎಂದೋ ಬಿಟ್ಟುಹೋದವರ ಹೆಸರು ಸೀಮೆಸುಣ್ಣದಲ್ಲಿ ಇನ್ನೂ ಇದೆ. ಮೀಟರ್ ರೂಮಿನಲ್ಲಿ ಹಳೆ ಸೈಕಲ್ಲು, ಗಣಪತಿ ಮಂಟಪದ ಬಟ್ಟೆ ತುಂಬುವುದು ನಿಲ್ಲಬೇಕು. ರಿಪೇರಿಗೆ ಒಳಹೋಗುವವನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಮಾತ್ರ ಆಗಿರಲಿ, ಅವನ ಹೆಸರು ರಿಜಿಸ್ಟರಿನಲ್ಲಿ ಬರೆಸಲಿ.

ಬಾಡಿಗೆದಾರರ ಮಾತು ನಡೆಯದ ಕಡೆ ಮಾಲೀಕರ ಮಾತು ನಡೆಯುತ್ತದೆ. ಸೊಸೈಟಿಗಳ ವಾರ್ಷಿಕ ಸಭೆ ಸೆಪ್ಟೆಂಬರ್ 30ರೊಳಗೆ ಆಗಬೇಕು ಎಂಬುದು ಮಹಾರಾಷ್ಟ್ರದ ಕಾನೂನು. ನನ್ನ ಮಾಲೀಕರು ಪುಣೆಯಲ್ಲಿರುತ್ತಾರೆ. ಸುಟ್ಟು ಕಪ್ಪಾದ ಬೋರ್ಡಿನ ಫೋಟೋ ಕಳಿಸಿದ ಮೇಲೆ ಅವರೇ ಸೊಸೈಟಿಗೆ ಪತ್ರ ಬರೆದರು. ವಿಷಯ ಈ ಸಲದ ಸಭೆಯ ನೋಟೀಸಿಗೆ ಬಂದಿದೆ, ಕೊನೆಯ ಸಾಲಿನಲ್ಲಿ, ಟೆರೇಸಿನ ಬಣ್ಣದ ನಂತರ.