ಗಣಿತ ಓದಿದರೆ ಹೊಟ್ಟೆಗೇನು?

ಪ್ರತಿ ವರ್ಷ ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದೊಡನೆ ನಮ್ಮ ಮನೆಗಳಲ್ಲಿ ಒಂದೇ ಬಗೆಯ ಚರ್ಚೆ ಆರಂಭವಾಗುತ್ತದೆ. ಸಿಇಟಿಯಲ್ಲಿ ಎಷ್ಟನೇ ರ‍್ಯಾಂಕ್ ಬಂತು, ಎಂಜಿನಿಯರಿಂಗ್ ಸೀಟು ಎಲ್ಲಿ ಸಿಕ್ಕೀತು, ಸಿಗದಿದ್ದರೆ ಮ್ಯಾನೇಜ್‌ಮೆಂಟ್ ಕೋಟಾಕ್ಕೆ ಹಣ ಹೊಂದಿಸುವುದು ಹೇಗೆ? ಬಡ್ಡಿಯನ್ನು ಪಾಪವೆಂದು ನಂಬುವ ಕುಟುಂಬಗಳೂ ಸೀಟಿನ ಮುಂದೆ ಮೆತ್ತಗಾಗಿ ತಾಯಿಯ ಬಳೆಗಳನ್ನು ಅಡವಿಡುತ್ತವೆ. ಈ ಗದ್ದಲದ ನಡುವೆ ಮಗನೋ ಮಗಳೋ ‘ನಾನು ಬಿ.ಎಸ್ಸಿ.ಯಲ್ಲಿ ಗಣಿತ ಓದುತ್ತೇನೆ’ ಎಂದರೆ ಹಿರಿಯರ ಬಾಯಿಂದ ಬರುವ ಮೊದಲ ಮಾತು: ‘ಅದನ್ನು ಓದಿ ಏನು ಮಾಡುತ್ತೀ?’

ಈ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಚಿಕ್ಕ ಅಂಗಡಿಯ ಆದಾಯದಿಂದಲೋ ಗಲ್ಫ್‌ನಿಂದ ಬರುವ ಹಣದಿಂದಲೋ ಮಕ್ಕಳನ್ನು ಓದಿಸುವ ತಂದೆಗೆ ಜೀವನೋಪಾಯದ ಬಗ್ಗೆ ಕೇಳುವ ಹಕ್ಕಿದೆ. ಆದರೆ ಪ್ರಶ್ನೆ ಕೇಳಿದ ಬಳಿಕ ಉತ್ತರಕ್ಕೂ ಕಿವಿಗೊಡಬೇಕಲ್ಲವೇ? ಎಂಜಿನಿಯರಿಂಗ್ ಸೀಟು ಸಿಗದವನಿಗೆ ಉಳಿದ ಸಮಾಧಾನಕರ ಬಹುಮಾನವೇ ಗಣಿತ ಪದವಿ ಎಂಬ ಗ್ರಹಿಕೆಯು ನಮ್ಮ ಪಟ್ಟಣಗಳಲ್ಲಿ ಬೇರೂರಿಬಿಟ್ಟಿದೆ. ಇದು ಸರಿಯಲ್ಲ.

ಮೊದಲು ಕಣ್ಣೆದುರಿಗಿರುವ ದಾರಿಯನ್ನೇ ನೋಡೋಣ. ಕರ್ನಾಟಕದಲ್ಲಿ 2024-25ನೇ ಸಾಲಿನಿಂದ ಪದವಿ ಶಿಕ್ಷಣ ಮತ್ತೆ ಮೂರು ವರ್ಷಗಳದ್ದಾಗಿದೆ. ಅದರ ಮೇಲೆ ಎರಡು ವರ್ಷಗಳ ಬಿ.ಎಡ್. ಮುಗಿಸಿದರೆ ಪ್ರೌಢಶಾಲಾ ಶಿಕ್ಷಕ ಹುದ್ದೆಗೆ ಅರ್ಜಿ ಹಾಕಬಹುದು. ಟಿಇಟಿ ಅರ್ಹತೆಯೂ ಇದ್ದರೆ 6ರಿಂದ 8ನೇ ತರಗತಿವರೆಗಿನ ಪದವೀಧರ ಶಿಕ್ಷಕ ಹುದ್ದೆಗೂ ಅವಕಾಶವಿದೆ. ಎಂ.ಎಸ್ಸಿ. ಮತ್ತು ಬಿ.ಎಡ್. ಎರಡೂ ಇದ್ದರೆ ಪದವಿಪೂರ್ವ ಕಾಲೇಜಿನ ಉಪನ್ಯಾಸಕರಾಗಬಹುದು. ಎಂ.ಎಸ್ಸಿ.ಯ ಬಳಿಕ ನೆಟ್ ಅಥವಾ ಕೆ-ಸೆಟ್ ತೇರ್ಗಡೆಯಾದವರಿಗೆ ಪದವಿ ಕಾಲೇಜಿನ ಬಾಗಿಲು ತೆರೆಯುತ್ತದೆ.

ಅಧ್ಯಾಪನವಷ್ಟೇ ದಾರಿಯಲ್ಲ. ಪದವಿಯಲ್ಲಿ ಶೇ. 60 ಅಂಕ ಪಡೆದ ಗಣಿತ ವಿದ್ಯಾರ್ಥಿಯು ಚಾರ್ಟರ್ಡ್ ಅಕೌಂಟೆನ್ಸಿಯ ಆರಂಭಿಕ ಪರೀಕ್ಷೆಯನ್ನು ಬಿಟ್ಟು ನೇರವಾಗಿ ಇಂಟರ್‌ಮೀಡಿಯೆಟ್ ಹಂತಕ್ಕೆ ಸೇರಬಹುದೆಂಬುದು ಎಷ್ಟು ಹೆತ್ತವರಿಗೆ ತಿಳಿದಿದೆ? ಎಂ.ಸಿ.ಎ. ಮಾಡಿ ಸಾಫ್ಟ್‌ವೇರ್ ಕ್ಷೇತ್ರಕ್ಕೆ ಹೋಗಬಹುದು. ಅಪಾಯದ ಸಾಧ್ಯತೆಗಳನ್ನು ಲೆಕ್ಕ ಹಾಕುವ ಆಕ್ಚುಯರಿ ವೃತ್ತಿಗೂ ಗಣಿತವೇ ತಳಹದಿ. ಬ್ಯಾಂಕ್ ಮತ್ತು ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಪರೀಕ್ಷೆಗಳಲ್ಲಿ ಅನೇಕರು ಮುಗ್ಗರಿಸುವುದು ಲೆಕ್ಕದ ವಿಭಾಗದಲ್ಲಿಯೇ. ಭಾರತೀಯ ಸಂಖ್ಯಾಶಾಸ್ತ್ರ ಸೇವೆಯ ಪರೀಕ್ಷೆಗೆ ಕುಳಿತುಕೊಳ್ಳಲು ಮಾತ್ರ ಗಣಿತವೊಂದೇ ಸಾಲದು, ಸಂಖ್ಯಾಶಾಸ್ತ್ರವನ್ನು ಓದಿರಬೇಕು. ಆದ್ದರಿಂದ ಕಾಲೇಜು ಸೇರುವಾಗಲೇ ಗಣಿತದ ಜೊತೆಗಿರುವ ವಿಷಯಗಳಾವುವು ಎಂಬುದನ್ನು ವಿಚಾರಿಸಿಕೊಳ್ಳುವುದು ಅಗತ್ಯ. ಗಣಿತದೊಂದಿಗೆ ಸಂಖ್ಯಾಶಾಸ್ತ್ರವೋ ಕಂಪ್ಯೂಟರ್ ವಿಜ್ಞಾನವೋ ಇದ್ದರೆ ಮುಂದಿನ ಹಾದಿ ಅಗಲವಾಗುತ್ತದೆ.

ಇನ್ನು ಗಣಿತವನ್ನು ಗಣಿತಕ್ಕಾಗಿಯೇ ಪ್ರೀತಿಸುವ ಮಕ್ಕಳಿದ್ದಾರೆ. ಅಂಥವರಿಗೆ ಬೆಂಗಳೂರಿನ ಮೈಸೂರು ರಸ್ತೆಯಲ್ಲಿರುವ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯು ಪ್ರವೇಶ ಪರೀಕ್ಷೆಯ ಮೂಲಕ ಬಿ.ಮ್ಯಾಥ್. ಪದವಿ ನೀಡುತ್ತದೆ. ಊರಿನ ಕಾಲೇಜಿನಲ್ಲಿಯೇ ಬಿ.ಎಸ್ಸಿ. ಮುಗಿಸಿದವರೂ ‘ಜಾಮ್’ ಪರೀಕ್ಷೆ ಬರೆದು ಐಐಟಿಗಳಲ್ಲಿ ಎಂ.ಎಸ್ಸಿ. ಓದಬಹುದು. ಎಂಜಿನಿಯರಿಂಗ್‌ಗೆ ಐಐಟಿ ಸಿಗಲಿಲ್ಲವೆಂದು ಕೊರಗುವ ನಮಗೆ ಅದೇ ಸಂಸ್ಥೆಗೆ ಈ ಇನ್ನೊಂದು ಬಾಗಿಲಿರುವುದು ಗೊತ್ತಿಲ್ಲದಿರುವುದು ವಿಪರ್ಯಾಸ. ರಾಷ್ಟ್ರೀಯ ಉನ್ನತ ಗಣಿತ ಮಂಡಳಿಯು ಸ್ನಾತಕೋತ್ತರ ಹಾಗೂ ಸಂಶೋಧನಾ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಕೊಡುತ್ತದೆ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರಕಾರವು ಅಲ್ಪಸಂಖ್ಯಾತ ಸಂಶೋಧಕರ ಮೌಲಾನಾ ಆಝಾದ್ ಫೆಲೋಶಿಪ್ಪನ್ನು ನಿಲ್ಲಿಸಿದ ನಂತರ ಇಂತಹ ನೆರವುಗಳ ಮಾಹಿತಿಯು ನಮಗೆ ಮತ್ತಷ್ಟು ಮುಖ್ಯವಾಗಿದೆ. ನಿಲ್ಲಿಸಿದ್ದನ್ನು ಪ್ರಶ್ನಿಸಬೇಕು, ಉಳಿದಿರುವುದನ್ನು ಬಳಸಿಕೊಳ್ಳಲೂ ಬೇಕು.

ಆದರೆ ಬಣ್ಣದ ಚಿತ್ರ ತೋರಿಸಿ ಯಾರನ್ನೂ ಮರುಳುಗೊಳಿಸುವುದು ನಮ್ಮ ಉದ್ದೇಶವಲ್ಲ. ಬರಿಯ ಬಿ.ಎಸ್ಸಿ. ಪ್ರಮಾಣಪತ್ರವನ್ನು ಕೈಯಲ್ಲಿ ಹಿಡಿದವನಿಗೆ ಕೆಲಸ ಕಾದು ಕುಳಿತಿರುವುದಿಲ್ಲ. ಶಿಕ್ಷಕನಾಗಲು ಒಟ್ಟು ಐದು ವರ್ಷ, ಪಿಯು ಉಪನ್ಯಾಸಕನಾಗಲು ಏಳು ವರ್ಷ ಓದಬೇಕು. ಸರಕಾರಿ ನೇಮಕಾತಿಯ ಅಧಿಸೂಚನೆಗಾಗಿ ಕಾಯಬೇಕಾದ ಕಾಲ ಬೇರೆ. ಖಾಸಗಿ ಶಾಲೆಗಳು ಕೊಡುವ ಸಂಬಳದ ಬಗ್ಗೆ ಹೇಳದಿರುವುದೇ ಒಳಿತು. ಮುಂದಿನ ಹೆಜ್ಜೆಯನ್ನು ಎರಡನೇ ವರ್ಷದಲ್ಲಿಯೇ ನಿರ್ಧರಿಸಿದವನಿಗೆ ಮಾತ್ರ ಈ ಪದವಿ ಫಲ ಕೊಡುತ್ತದೆ.

ಇನ್ನೊಂದು ಎಚ್ಚರವೂ ಬೇಕು. ಪಿಯುಸಿಯ ಗಣಿತದಲ್ಲಿ ನೂರಕ್ಕೆ ತೊಂಬತ್ತೆಂಟು ಅಂಕ ಪಡೆದ ಮಕ್ಕಳು ಪದವಿ ತರಗತಿಯಲ್ಲಿ ತತ್ತರಿಸುವುದುಂಟು. ಕಾರಣ ಸರಳ. ಪಿಯುಸಿಯಲ್ಲಿ ಕೇಳುವುದು ‘ಉತ್ತರವೆಷ್ಟು?’ ಎಂದು, ಪದವಿಯಲ್ಲಿ ಕೇಳುವುದು ‘ಅದು ಹಾಗೆಯೇ ಏಕೆ?’ ಎಂದು. ಅಲ್ಲಿ ಸಾಧನೆಯೇ ಪ್ರಧಾನ, ಲೆಕ್ಕ ಗೌಣ. ಟ್ಯೂಷನ್ನಿನಲ್ಲಿ ಮಾದರಿ ಲೆಕ್ಕಗಳನ್ನು ಉರು ಹೊಡೆದ ಅಭ್ಯಾಸ ಇಲ್ಲಿ ನೆರವಿಗೆ ಬರುವುದಿಲ್ಲ. ಯಾವ ಮಗು ಸೂತ್ರವನ್ನು ಬಳಸುವ ಮೊದಲು ಅದು ಎಲ್ಲಿಂದ ಬಂತೆಂದು ಕೇಳುತ್ತದೋ ಆ ಮಗುವನ್ನು ಧೈರ್ಯದಿಂದ ಈ ದಾರಿಗೆ ಕಳಿಸಬಹುದು. ಲೆಕ್ಕ ಮಾಡುವ ಕೆಲಸವನ್ನು ಯಂತ್ರಗಳು ಕಸಿದುಕೊಂಡಿರುವ ಈ ದಿನಗಳಲ್ಲಿ ‘ಏಕೆ’ ಎಂದು ಕೇಳಬಲ್ಲವನಿಗೇ ಬೆಲೆ.

ನಮ್ಮ ವೇದಿಕೆಗಳಲ್ಲಿ ಅಲ್ ಖ್ವಾರಿಝ್ಮಿಯ ಹೆಸರು ಪದೇಪದೇ ಕೇಳಿಬರುತ್ತದೆ. ಒಂಬತ್ತನೇ ಶತಮಾನದ ಬಗ್ದಾದಿನಲ್ಲಿದ್ದ ಆ ವಿದ್ವಾಂಸನ ಗ್ರಂಥದಿಂದಲೇ ‘ಆಲ್ಜೀಬ್ರಾ’ ಎಂಬ ಶಬ್ದ ಬಂತೆಂದು ಹೇಳಿ ನಾವು ಎದೆಯುಬ್ಬಿಸುತ್ತೇವೆ. ಆದರೆ ಆ ಗ್ರಂಥದ ದೊಡ್ಡ ಭಾಗವು ಉಯಿಲು ಮತ್ತು ವಾರೀಸು ಹಂಚಿಕೆಯ ಲೆಕ್ಕಗಳಿಗೇ ಮೀಸಲಾಗಿದೆ ಎಂಬುದನ್ನು ಮರೆಯುತ್ತೇವೆ. ಮದ್ರಸಗಳಲ್ಲಿ ಫರಾಇಝ್ ಕಲಿತವರಿಗೆ ಇದು ಹೊಸತಲ್ಲ. ಮೃತ ಮಹಿಳೆಗೆ ಪತಿ ಮತ್ತು ಇಬ್ಬರು ಸಹೋದರಿಯರು ಮಾತ್ರ ವಾರೀಸುದಾರರಾದರೆ ಪತಿಗೆ ಅರ್ಧ, ಸಹೋದರಿಯರಿಗೆ ಮೂರನೇ ಎರಡು. ಕೂಡಿಸಿದರೆ ಆರರಲ್ಲಿ ಏಳು ಪಾಲು! ಆಗ ಆಸ್ತಿಯನ್ನೇ ಏಳು ಪಾಲು ಮಾಡಿ ಮೂರನ್ನು ಪತಿಗೂ ನಾಲ್ಕನ್ನು ಸಹೋದರಿಯರಿಗೂ ಕೊಡುತ್ತಾರೆ. ಯಾರಿಗೂ ಅನ್ಯಾಯವಾಗದಂತೆ ಹಂಚಲು ಗಣಿತ ಬೇಕಾಯಿತು. ಪೂರ್ವಜರಿಗೆ ಇದು ಅಭಿಮಾನದ ಸರಕಲ್ಲ, ಬದುಕಿನ ಅಗತ್ಯವಾಗಿತ್ತು. ಖ್ವಾರಿಝ್ಮಿಯ ಹೆಸರಿಗೆ ಚಪ್ಪಾಳೆ ತಟ್ಟುವ ಸಭೆಯಲ್ಲಿ ಗಣಿತ ಎಂ.ಎಸ್ಸಿ. ಮಾಡಿದ ಎಷ್ಟು ಮಂದಿ ಯುವಕರಿರುತ್ತಾರೆ?

2006ರ ಸಾಚಾರ್ ಸಮಿತಿಯ ವರದಿಯು ದೇಶದ ಪ್ರತಿಷ್ಠಿತ ಕಾಲೇಜುಗಳ ಪದವಿ ವಿದ್ಯಾರ್ಥಿಗಳಲ್ಲಿ 25ಕ್ಕೆ ಒಬ್ಬ, ಸ್ನಾತಕೋತ್ತರದಲ್ಲಿ 50ಕ್ಕೆ ಒಬ್ಬ ಮಾತ್ರ ಮುಸ್ಲಿಮನೆಂದು ಹೇಳಿತ್ತು. ಪದವಿಯಿಂದ ಮುಂದಕ್ಕೆ ಸಾಗುವಾಗ ನಮ್ಮ ಸಂಖ್ಯೆ ಅರ್ಧಕ್ಕಿಳಿಯುತ್ತದೆ. ಮುಂದುವರಿದ ಓದಿನಿಂದಲೇ ಬೆಲೆ ಪಡೆಯುವ ಗಣಿತದಂತಹ ವಿಷಯದಲ್ಲಿ ಈ ಇಳಿತದ ನಷ್ಟ ಎಷ್ಟೆಂದು ಬಿಡಿಸಿ ಹೇಳಬೇಕಾಗಿಲ್ಲ.

ಈ ನಷ್ಟದಲ್ಲಿ ಹೆಣ್ಣುಮಕ್ಕಳ ಪಾಲು ಹೆಚ್ಚು. ಪರೀಕ್ಷೆಗಳಲ್ಲಿ ಹುಡುಗರನ್ನು ಹಿಂದಿಕ್ಕುವ ನಮ್ಮ ಹುಡುಗಿಯರನ್ನು ‘ಮದುವೆಯವರೆಗೆ ಏನಾದರೂ ಓದಲಿ’ ಎಂದು ಹತ್ತಿರದ ಕಾಲೇಜಿಗೆ ಸೇರಿಸಿ, ಪದವಿಯ ಮಧ್ಯದಲ್ಲಿಯೇ ನಿಕಾಹ್ ನಿಶ್ಚಯಿಸುತ್ತೇವೆ. ಇರಾನಿನ ಮರ್ಯಮ್ ಮಿರ್ಝಾಖಾನಿ 2014ರಲ್ಲಿ ಫೀಲ್ಡ್ಸ್ ಪದಕ ಪಡೆದ ಪ್ರಪ್ರಥಮ ಮಹಿಳೆಯಾದಾಗ ಹೆಮ್ಮೆಪಟ್ಟವರು ನಾವೇ. ಆಕೆಯ ಪ್ರತಿಭೆಯನ್ನು ಹೊಗಳುವವರು ತಮ್ಮ ಮನೆಯ ಹುಡುಗಿಗೆ ಎಂ.ಎಸ್ಸಿ. ಮುಗಿಸಲು ಎರಡು ವರ್ಷ ಕೊಡಲಾರರೇ?

ಜಮಾಅತ್‌ಗಳು ಮತ್ತು ಶಿಕ್ಷಣ ಟ್ರಸ್ಟ್‌ಗಳು ಪ್ರತಿಭಾ ಪುರಸ್ಕಾರದ ಶಾಲು, ಫಲಕಗಳಿಗೆ ಖರ್ಚು ಮಾಡುವ ಹಣದಲ್ಲಿ ಒಂದು ಪಾಲನ್ನು ಬಿ.ಎಸ್ಸಿ. ಓದುವ ಮಕ್ಕಳ ಪುಸ್ತಕಕ್ಕೆ, ಪ್ರವೇಶ ಪರೀಕ್ಷೆಯ ಶುಲ್ಕಕ್ಕೆ, ಬೆಂಗಳೂರಿಗೆ ಹೋಗಿಬರುವ ವೆಚ್ಚಕ್ಕೆ ಮೀಸಲಿಡಲಿ. ಊರಿನಲ್ಲಿರುವ ಗಣಿತ ಶಿಕ್ಷಕರು ವಾರಕ್ಕೊಂದು ಸಂಜೆ ಮಕ್ಕಳೊಂದಿಗೆ ಕುಳಿತುಕೊಳ್ಳಲಿ. ಹೆತ್ತವರು ಸಾಲ ಮಾಡುವ ಮೊದಲು ಮಗುವಿನ ಒಲವೇನು, ಮುಂದಿನ ಹೆಜ್ಜೆಯೇನು, ಅದಕ್ಕೆ ಎಷ್ಟು ವರ್ಷ ಬೇಕು ಎಂಬ ಮೂರು ಪ್ರಶ್ನೆಗಳನ್ನು ಮನೆಯಲ್ಲಿ ಕೂತು ಕೇಳಲಿ. ಒಲವಿಲ್ಲದ ಎಂಜಿನಿಯರಿಂಗ್ ಸೀಟಿಗೆ ಸುರಿದ ಲಕ್ಷಗಳಿಗಿಂತ, ಒಲವಿರುವ ಗಣಿತಕ್ಕೆ ಕೊಟ್ಟ ಐದು ವರ್ಷಗಳು ಆ ಮನೆಗೂ ಸಮುದಾಯಕ್ಕೂ ಹೆಚ್ಚು ಲಾಭ ತರಬಲ್ಲವು.