ಚಳಿಗಾಲಕ್ಕೆ ಒಂದೇ ಗೇರಿನ ಬೈಸಿಕಲ್ಲು

ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವ ಗೃಹಸ್ಥರೂ, ಚಳಿಗಾಲಕ್ಕೆ ಮುಂಚೆ ಕಂಬಳಿಗಳನ್ನು ಬಿಸಿಲಿಗೆ ಹರವುವ ಗೃಹಿಣಿಯರೂ ಮನೆಯ ಬೈಸಿಕಲ್ಲನ್ನು ಮಾತ್ರ ಕಣ್ಣೆತ್ತಿ ನೋಡುವುದಿಲ್ಲ. ಓಡುವಷ್ಟು ದಿನ ಓಡಲಿ, ನಿಂತ ದಿನ ನೋಡಿಕೊಳ್ಳೋಣ ಎಂಬುದೇ ಎಲ್ಲರ ನಡತೆ. ನಾವೂ ಈ ಪಂಗಡಕ್ಕೆ ಸೇರಿದವರೇ ಎಂಬುದನ್ನು ಮೊದಲೇ ಒಪ್ಪಿಕೊಂಡು, ಕಳೆದ ಧನುರ್ಮಾಸದಲ್ಲಿ ನಾವು ಕಲಿತ ಪಾಠವನ್ನು ವಾಚಕರ ಮುಂದಿಡುತ್ತೇವೆ.

ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲವು ಸಂತಾನ ವೇಣುಗೋಪಾಲಸ್ವಾಮಿಯ ಸನ್ನಿಧಿಯಿಂದ ಅನೇಕರಿಗೆ ಪರಿಚಿತವಾದ ಊರು. ಅಲ್ಲಿ ನಮ್ಮ ಬಂಧುಗಳ ಮನೆಯೊಂದುಂಟು. ಆ ಮನೆಯ ಹುಡುಗಿ ಕಾಲೇಜಿಗೆ ಸೇರಿದಾಗ, ನಾವು ಪಟ್ಟಣದಲ್ಲಿ ಬಹುಕಾಲ ಕಚೇರಿಗೆ ಹೋಗಿಬರುತ್ತಿದ್ದ ಬೈಸಿಕಲ್ಲನ್ನು ಅವಳಿಗೆ ಕೊಟ್ಟೆವು. ಮುಂದೆ ಮೂರು, ಹಿಂದೆ ಏಳು ಹಲ್ಲುಚಕ್ರಗಳುಳ್ಳ ಯಂತ್ರ. ಕೊಡುವಾಗ ನಮಗೆ ಹೆಮ್ಮೆಯೂ ಇಲ್ಲದಿರಲಿಲ್ಲ. ಪ್ರತಿದಿನ ಮುಂಜಾನೆ ಅದರ ಮೇಲೆ ಹೋಗಿ ಅವಳು ಪಟ್ಟಣದ ಬಸ್ಸು ಹಿಡಿಯುತ್ತಿದ್ದಳು. ಪರೀಕ್ಷೆಯ ಒಂದು ದಿನ ಬೈಸಿಕಲ್ಲು ನಡುದಾರಿಯಲ್ಲಿ ನಿಂತಿತು, ಬಸ್ಸು ತಪ್ಪಿತು, ಪರೀಕ್ಷೆಯೂ ತಪ್ಪಿತು. ಅದು ಆ ತಿಂಗಳಲ್ಲಿ ಮೂರನೆಯ ಸಲ. ಮಂಜು ಕವಿದ ದಾರಿಯಲ್ಲಿ ಮಗಳು ಒಂಟಿಯಾಗಿ ನಿಲ್ಲುವುದನ್ನು ನೆನೆದು ಹೆದರಿದ ಹಿರಿಯರು, ಚಳಿ ಕಳೆಯುವವರೆಗೆ ಕಾಲೇಜೇ ಬೇಡವೆಂದು ತೀರ್ಮಾನಿಸಿದ್ದರು. ನಾವು ಹೋದಾಗ ಅವಳು ಮಾತನಾಡದೆ ಬೈಸಿಕಲ್ಲನ್ನು ತೋರಿಸಿದಳು.

ಕಾರಣವು ನೋಡಿದೊಡನೆ ತಿಳಿಯಿತು. ಚಳಿಗಾಲದಲ್ಲಿ ನಂಜನಗೂಡು, ಗುಂಡ್ಲುಪೇಟೆಗಳ ಕಡೆ ಹೋದವರಿಗೆ ರಸ್ತೆಯೇ ಕಣವಾಗಿರುವ ದೃಶ್ಯ ಹೊಸದಲ್ಲ. ವಾಹನಗಳು ತುಳಿದುಕೊಡಲೆಂದು ಹುರುಳಿಯನ್ನು ಬಳ್ಳಿಸಹಿತ ಹರಡಿರುತ್ತಾರೆ. ಅಪಾಯಕರವಾದರೂ ನಿಲ್ಲದ ರೂಢಿ. ಗೇರು ಬದಲಿಸುವ ಸಾಧನವೋ ಹಿಂದಿನ ಚಕ್ರದ ಬಳಿ ಕೆಳಕ್ಕೆ ಜೋತುಬಿದ್ದಿರುತ್ತದೆ. ಅದರ ಎರಡು ಪುಟ್ಟ ಚಕ್ರಗಳು ಸಡಿಲ ಸರಪಣಿಯನ್ನು ಎಳೆದು ಹಿಡಿಯುವುವು. ಹುರುಳಿಯ ಬಳ್ಳಿ ಆ ಸಂದಿಗೆ ಸಿಕ್ಕಿದರೆ ನೂಲಿನಂತೆ ಸುತ್ತಿಕೊಳ್ಳುತ್ತದೆ, ತುಳಿದಷ್ಟೂ ಬಿಗಿಯುತ್ತದೆ, ಕೊನೆಗೆ ಸಾಧನವೇ ಬಾಗಿ ಚಕ್ರದ ಕಡ್ಡಿಗಳಿಗೆ ತಗಲುತ್ತದೆ. ಇಬ್ಬನಿಯ ತೇವವೂ ಧೂಳೂ ಕೂಡಿ ಉಳಿದ ಕೆಲಸವನ್ನು ಪೂರೈಸುತ್ತವೆ.

ಊರಿನ ರಿಪೇರಿಯವನೊಡನೆ ಕುಳಿತು ಅರ್ಧ ದಿನದಲ್ಲಿ ಎಲ್ಲವನ್ನೂ ಬದಲಿಸಿದೆವು. ಮೊದಲು ಗೇರಿನ ಸಾಧನಗಳನ್ನೂ ಅವುಗಳ ತಂತಿಗಳನ್ನೂ ಕಳಚಿದೆವು. ಹಿಂದಿನ ಏಳು ಚಕ್ರಗಳ ಗುಚ್ಛವನ್ನು ತಿರುಗಿಸಿ ತೆಗೆದು, ಅದೇ ಮರೆಗೆ ಸಾಧಾರಣ ಬೈಸಿಕಲ್ಲಿನ 18 ಹಲ್ಲಿನ ಒಂಟಿ ಫ್ರೀವೀಲನ್ನು ಕೂರಿಸಿದೆವು. ಮುಂದೆ 38 ಹಲ್ಲಿನ ನಡುಚಕ್ರವನ್ನು ಉಳಿಸಿಕೊಂಡೆವು. ಈ ಎರಡೂ ಒಂದೇ ನೇರದಲ್ಲಿರಬೇಕು. ಹಿಂದಿನದು ಒಳಕ್ಕಿದ್ದರೆ ಫ್ರೀವೀಲಿನ ಹಿಂದೆ ತೆಳುವಾದ ಬಳೆಯೊಂದನ್ನು ಹಾಕತಕ್ಕದ್ದು. ನೇರ ತಪ್ಪಿದರೆ ಸರಪಣಿ ಕಳಚುವುದು ಖಂಡಿತ.

ಸರಪಣಿಯ ವಿಷಯದಲ್ಲಿ ಜಿಪುಣತನ ಸಲ್ಲದು. ಹೊಸ ಸರಪಣಿಯ 24 ಕೊಂಡಿಗಳು ಸರಿಯಾಗಿ 12 ಅಂಗುಲವಿರುತ್ತವೆ. ಅಷ್ಟೇ ಕೊಂಡಿಗಳು ಅದಕ್ಕಿಂತ ಅಂಗುಲದ ಎಂಟನೆಯ ಒಂದು ಭಾಗ ಹೆಚ್ಚು ಅಳೆದರೆ ಆ ಸರಪಣಿ ಸವೆದುಹೋಯಿತೆಂದು ತಿಳಿಯಬೇಕು. ನಮ್ಮದು ಹಾಗೆಯೇ ಆಗಿತ್ತು. ಹೊಸದನ್ನು ಅಳತೆಗೆ ಕತ್ತರಿಸಿ ಜೋಡಿಸುವಾಗ, ಕೂಡುಕೊಂಡಿಯ ಕ್ಲಿಪ್ಪಿನ ಮುಚ್ಚಿದ ತುದಿಯು ಸರಪಣಿ ಓಡುವ ದಿಕ್ಕಿಗೆ ಇರಬೇಕು. ಬಳಿಕ ಹಿಂದಿನ ಚಕ್ರವನ್ನು ಹಿಂದಕ್ಕೆ ಎಳೆದು, ಸರಪಣಿಯು ನಡುವೆ ಅರ್ಧ ಅಂಗುಲದಷ್ಟು ಮಾತ್ರ ಮೇಲೆ ಕೆಳಗೆ ಆಡುವಂತೆ ಬಿಗಿಮಾಡಿದೆವು. ಅಚ್ಚು ಕೂರುವ ಸೀಳು ಉದ್ದವಾಗಿದ್ದುದರಿಂದ ಇದು ಸಾಧ್ಯವಾಯಿತು. ಸೀಳು ನೇರ ಕೆಳಮುಖವಾಗಿರುವ ಚೌಕಟ್ಟುಗಳಿಗೆ ಸರಪಣಿ ಬಿಗಿಯುವ ಬೇರೊಂದು ಸಾಧನ ಬೇಕಾಗುವುದರಿಂದ, ಕೊಳ್ಳುವ ಮುನ್ನ ಇದನ್ನು ನೋಡಿಕೊಳ್ಳಿರಿ.

ವೇಗ ಎಷ್ಟು ಕಳೆಯಿತೆಂದು ಕೇಳುವಿರಾ? ಒಂದು ಸುತ್ತು ತುಳಿದರೆ ಬೈಸಿಕಲ್ಲು ನಾಲ್ಕು ಮೀಟರಿಗಿಂತ ತುಸು ಹೆಚ್ಚು ಸಾಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಸುಮಾರು 15 ಕಿಲೋಮೀಟರು. ಮಂಜಿನಲ್ಲಿ ಇದಕ್ಕಿಂತ ವೇಗ ಯಾರಿಗೂ ಬೇಡ. ಆದರೆ ಚಾಮುಂಡಿಬೆಟ್ಟದಂತಹ ಏರು ನಿತ್ಯದ ದಾರಿಯಲ್ಲಿರುವವರು ಈ ಕೆಲಸಕ್ಕೆ ಕೈಹಾಕಬಾರದು. ಅವರಿಗೆ ಗೇರುಗಳು ಅವಶ್ಯಕವೇ.

ಇದ್ದುದನ್ನು ಕಿತ್ತುಹಾಕುವುದು ಹಿಂದಕ್ಕೆ ಹೋದಂತಲ್ಲವೇ ಎಂದು ಹುಡುಗಿಯ ತಮ್ಮ ಆಕ್ಷೇಪಿಸಿದನು. 1903ರಲ್ಲಿ ಆರಂಭವಾದ ಫ್ರಾನ್ಸಿನ ಮಹಾಪಂದ್ಯದಲ್ಲಿ 1937ರವರೆಗೆ ಸ್ಪರ್ಧಿಗಳಿಗೆ ಇಂತಹ ಸಾಧನದ ಅನುಮತಿ ಇರಲಿಲ್ಲವೆಂದೂ, ಹಿಂದಿನ ಚಕ್ರದ ಎರಡು ಪಕ್ಕಗಳಲ್ಲಿ ಬೇರೆ ಬೇರೆ ಅಳತೆಯ ಹಲ್ಲುಚಕ್ರಗಳನ್ನಿಟ್ಟುಕೊಂಡು, ಬೆಟ್ಟದ ಬುಡದಲ್ಲಿ ಇಳಿದು ಚಕ್ರವನ್ನೇ ತಿರುಗಿಸಿ ಹಾಕಿಕೊಳ್ಳುತ್ತಿದ್ದರೆಂದೂ ಹೇಳಿದೆವು. ಅಷ್ಟು ದೂರವೇಕೆ? 2006-07ರಿಂದ ನಮ್ಮ ರಾಜ್ಯ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಕೊಟ್ಟ ಬೈಸಿಕಲ್ಲುಗಳೂ ಒಂದೇ ಗೇರಿನವು. ಅವುಗಳ ಮೇಲೆಯೇ ಎಷ್ಟೋ ಹಳ್ಳಿಯ ಹುಡುಗಿಯರು ಪ್ರೌಢಶಾಲೆಯ ಬಾಗಿಲನ್ನು ಮುಟ್ಟಿದರು.

ಕೊನೆಗೆ ಬ್ರೇಕಿನ ಸವೆದ ರಬ್ಬರುಗಳನ್ನು ಬದಲಿಸಿ, ಮುಂದೆ ದೀಪವನ್ನೂ ಹಿಂದೆ ಕೆಂಪು ಪ್ರತಿಫಲಕವನ್ನೂ ಕಟ್ಟಿದೆವು. ಮರುದಿನ ಮುಂಜಾನೆ ಹುಡುಗಿಯ ತಂದೆ ತಾವೇ ಬೈಸಿಕಲ್ಲನ್ನು ಹುರುಳಿಯ ಮೇಲೆ ನಡೆಸಿಕೊಂಡು ಹೋಗಿ ನೋಡಿಬಂದರು. ಹಿಂದಿರುಗಿ ಏನನ್ನೂ ಹೇಳಲಿಲ್ಲ. ಮಗಳ ಪುಸ್ತಕದ ಚೀಲವನ್ನು ತಂದು ಹಿಡಿಕೆಗೆ ಸಿಕ್ಕಿಸಿದರು. ತಪ್ಪಿದ ಪರೀಕ್ಷೆಯನ್ನು ಅವಳು ಮತ್ತೆ ಬರೆಯಬೇಕಾಯಿತು. ಆದರೆ ಆ ಚಳಿಗಾಲದಲ್ಲಿ ಇನ್ನೊಂದು ಬಸ್ಸು ತಪ್ಪಲಿಲ್ಲ.

ಕಳಚಿದ ಭಾಗಗಳನ್ನು ಎಣ್ಣೆ ಸವರಿ ಡಬ್ಬಿಯಲ್ಲಿಟ್ಟಿದ್ದೇವೆ; ಬೇಕಾದಾಗ ಮತ್ತೆ ಹಾಕಬಹುದು. ನಿಮ್ಮ ಮನೆಯ ಮೂಲೆಯಲ್ಲಿಯೂ ಇಂತಹ ಯಂತ್ರವೊಂದಿದ್ದರೆ, ಕಂಬಳಿಗಳನ್ನು ಬಿಸಿಲಿಗೆ ಹಾಕುವ ದಿನವೇ ಅದನ್ನೂ ಅಂಗಳಕ್ಕೆ ತನ್ನಿರಿ.