ಗಾಜಿನ ಸೆರೆಮನೆಗೆ ಪ್ರತ್ಯೇಕ ಕೋಣೆಯೇ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳಲ್ಲಿ ಅಡಕೆಯ ಆದಾಯ ಹೊಸ ಮನೆಗಳ ರೂಪ ತಾಳುತ್ತಿರುವುದು ಸಂತೋಷದ ಸಂಗತಿ. ಆದರೆ ಕಡಲಿನ ಹವಳದ ದಿಬ್ಬವನ್ನು ಗಾಜಿನ ತೊಟ್ಟಿಯಲ್ಲಿ ನಿರ್ಮಿಸಿ, ಅದಕ್ಕೆಂದೇ ಪ್ರತ್ಯೇಕ ಕೋಣೆ ಕಟ್ಟಿಸುವ ಮಹಾನಗರಗಳ ಗೀಳು ಈ ಊರುಗಳ ಶ್ರಾವಕರ ಮನೆಯ ನಕ್ಷೆಯೊಳಗೆ ನುಸುಳುವ ಮೊದಲೇ ಅದರ ಲೆಕ್ಕವನ್ನು ಪರಿಶೀಲಿಸುವುದು ಒಳಿತು.

ಮೊದಲು ನೀರಿನ ಲೆಕ್ಕ. 8 ಅಡಿ ಉದ್ದ, 3 ಅಡಿ ಅಗಲ, ಎರಡೂವರೆ ಅಡಿ ಎತ್ತರದ ತೊಟ್ಟಿ ಸುಮಾರು 1,700 ಲೀಟರ್ ನೀರು ಹಿಡಿಯುತ್ತದೆ. ಲೀಟರಿಗೆ 35 ಗ್ರಾಂನಂತೆ 60 ಕಿಲೋ ಉಪ್ಪು ಬೇಕು. ತಿಂಗಳಿಗೆ ಐದನೆಯ ಒಂದು ಭಾಗ ಬದಲಿಸಿದರೂ 340 ಲೀಟರ್ ಉಪ್ಪುನೀರು ಚರಂಡಿ ಸೇರುತ್ತದೆ. ಶುದ್ಧೀಕರಣದಲ್ಲಿ ವ್ಯರ್ಥವಾಗುವ ನೀರು ಬೇರೆ. ಮಳೆ ಕೈಕೊಟ್ಟರೆ ಟ್ಯಾಂಕರಿಗೆ ಕಾಯುವ ಜಗಳೂರಿನಲ್ಲಿ ಇದನ್ನು ಅಲಂಕಾರವೆನ್ನಬೇಕೇ, ಅನರ್ಥದಂಡವೆನ್ನಬೇಕೇ?

ಎರಡನೆಯದು ಜೀವಗಳ ಲೆಕ್ಕ. ಅಲಂಕಾರಕ್ಕಾಗಿ ಮಾರುವ ಕಡಲಮೀನುಗಳ ಬಹುತೇಕ ಜಾತಿಗಳು ಇಂದಿಗೂ ಕಡಲಿನಿಂದಲೇ ಹಿಡಿದು ತಂದವು. ಫಿಲಿಪ್ಪೀನ್ಸ್, ಇಂಡೋನೇಷ್ಯಾಗಳಲ್ಲಿ ಸಯನೈಡ್ ಎರಚಿ ಅವುಗಳನ್ನು ಮಂಪರುಗೊಳಿಸಿ ಹಿಡಿದದ್ದುಂಟು. ತೊಟ್ಟಿಗೆ ಬಂದ ಮೇಲೂ ಇವುಗಳಲ್ಲಿ ಅನೇಕಕ್ಕೆ ಹೆಪ್ಪುಗಟ್ಟಿಸಿದ ಸಣ್ಣ ಸೀಗಡಿಗಳೇ ಆಹಾರ. ಈರುಳ್ಳಿಯನ್ನೂ ಒಳಗೆ ತರದ ಅಡುಗೆಮನೆಯ ಫ್ರಿಜ್ಜಿನಲ್ಲಿ ಸೀಗಡಿಯ ಪೊಟ್ಟಣ! ವಿದ್ಯುತ್ ನಿಂತು ಪಂಪು ಸ್ತಬ್ಧವಾದರೆ ಕೆಲವೇ ಗಂಟೆಗಳಲ್ಲಿ ಪಂಚೇಂದ್ರಿಯ ಜೀವಗಳು ಉಸಿರುಗಟ್ಟಿ ಸಾಯುತ್ತವೆ.

ಹವಳವನ್ನು ಶಾಸ್ತ್ರಗಳು ಪೃಥ್ವೀಕಾಯದಲ್ಲಿ ಎಣಿಸಿವೆಯಲ್ಲ, ಅದರಲ್ಲೇನು ದೋಷವೆಂದು ಕೆಲವರು ಕೇಳಬಹುದು. ಪೃಥ್ವೀಕಾಯವಾದರೂ ನಿಷ್ಪ್ರಯೋಜಕವಾಗಿ ನೋಯಿಸಲು ಅನುಮತಿಯಿಲ್ಲ. ಮೇಲಾಗಿ ಅದು ಬಾಯುಳ್ಳ, ಬೇಟೆಯಾಡುವ ಪ್ರಾಣಿಗಳ ಸಮೂಹವೆಂದು ಜೀವವಿಜ್ಞಾನ ತೋರಿಸಿದೆ. ಸಂದೇಹವಿದ್ದಲ್ಲಿ ಹಿಂಸೆಯ ಕಡೆಗಲ್ಲ, ದಯೆಯ ಕಡೆಗೆ ವಾಲುವುದೇ ಶ್ರಾವಕಧರ್ಮ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ದಿಬ್ಬ ಕಟ್ಟುವ ಹವಳಗಳು 2001ರಲ್ಲಿಯೇ ಸೇರಿವೆ. ಕಾನೂನಿನಲ್ಲಿ ಅವು ಹುಲಿಯ ಸಾಲಿನಲ್ಲಿವೆ. 1998, 2016, 2024ರಲ್ಲಿ ಕಡಲು ಕಾದು ಲಕ್ಷದ್ವೀಪದ ಹವಳಗಳು ಬಿಳಿಚಿದವು. ನಶಿಸುತ್ತಿರುವುದನ್ನು ಕೊಂಡು ತರುವುದು ರಕ್ಷಣೆಯಾಗದು.

“ಪ್ರತಿದಿನ ಆಹಾರ ಕೊಡುತ್ತೇವೆ, ಇದೂ ಜೀವದಯೆಯೇ” ಎಂಬ ಸಮರ್ಥನೆ ಎಲ್ಲಕ್ಕಿಂತ ಅಪಾಯಕಾರಿ. ಗೋಶಾಲೆ, ಪಾಂಜರಪೋಳಗಳು ಗಾಯಗೊಂಡ, ಅನಾಥವಾದ ಪ್ರಾಣಿಗೆ ಆಶ್ರಯ ನೀಡುತ್ತವೆ; ಅಕ್ವೇರಿಯಂ ಸ್ವಸ್ಥವಾಗಿದ್ದ ಪ್ರಾಣಿಯನ್ನು ಅದರ ನೆಲೆಯಿಂದ ಕಿತ್ತು ತರುತ್ತದೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ಅಹಿಂಸಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಮೊದಲನೆಯದೇ ಬಂಧ. ಕಟ್ಟಿಹಾಕುವ ಸಾಧನ ಹಗ್ಗವಾಗಿರಬಹುದು, ಗಾಜೂ ಆಗಿರಬಹುದು.

ಮಕ್ಕಳಿಗೆ ಸೃಷ್ಟಿಯ ವೈವಿಧ್ಯ ತೋರಿಸಬೇಕೆಂಬ ಆಸೆ ಸಹಜ. ಅದಕ್ಕೆ ಚನ್ನಗಿರಿಯ ಶಾಂತಿಸಾಗರವಿದೆ, ಹೊನ್ನಾಳಿಯ ತುಂಗಭದ್ರೆಯ ದಡವಿದೆ, ಕೊಂಡುಕುರಿಗಳು ಸ್ವಚ್ಛಂದವಾಗಿ ಸುಳಿಯುವ ಜಗಳೂರಿನ ರಂಗಯ್ಯನದುರ್ಗದ ಅಭಯಾರಣ್ಯವಿದೆ. ದೂರ ನಿಂತು, ಮುಟ್ಟದೆ ನೋಡುವ ಸಂಸ್ಕಾರವನ್ನು ಅಲ್ಲಿಯೇ ಕಲಿಸಬಹುದು.

ಬಸದಿಗಳ ಟ್ರಸ್ಟುಗಳು ಸಮುದಾಯಭವನಗಳಲ್ಲಾಗಲಿ ಯಾತ್ರಿನಿವಾಸಗಳಲ್ಲಾಗಲಿ ಅಲಂಕಾರದ ಮೀನುತೊಟ್ಟಿಗಳಿಗೆ ಎಡೆಯಿಲ್ಲವೆಂದು ನಿರ್ಣಯಿಸಲಿ. ದಾನವಾಗಿ ಬಂದರೂ ವಿನಯದಿಂದ ನಿರಾಕರಿಸಲಿ. ಮನೆ ಕಟ್ಟುವವರಿಗೆ ಒಂದು ಕೋಣೆ ಹೆಚ್ಚಾಗಿದ್ದರೆ ಅದು ಸ್ವಾಧ್ಯಾಯಕ್ಕೆ ಮೀಸಲಾಗಲಿ. ಆ ಹಣದಲ್ಲಿ ಊರಿನ ಒಂದು ಕಟ್ಟೆಯ ಹೂಳೆತ್ತಿಸಿದರೆ ಎಷ್ಟೋ ಜೀವಗಳು ಸೆರೆಯಿಲ್ಲದೆ ಬದುಕಿಕೊಳ್ಳುತ್ತವೆ.